ಒಂಬತ್ತನೇ ಗಾಜು

ನಮ್ಮ ಮನೆ, ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು
ಭಾನುವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ

ಪ್ರೀತಿಯ ಅತ್ತೆ,

ನಿಮ್ಮ ರೇಡಿಯೋ ಸೊಸೆಯ ನಮಸ್ಕಾರಗಳು. ಹೇಗಿದ್ದೀರಿ? ಮೊದಲು ಮೊಣಕಾಲಿನ ಸಮಾಚಾರ ತಿಳಿಸಿ. ನಾದಿನಿಯ ಮನೆಗೆ ಮೂರು ಮಹಡಿ ಹತ್ತಬೇಕು, ಲಿಫ್ಟ್ ಕೆಟ್ಟು ಕೂತಿದೆ ಎಂದು ಕೇಳಿದಾಗಿನಿಂದ ನನಗೆ ಅದೇ ಚಿಂತೆ. ನಿಮ್ಮ ಚೀಲದ ಪಕ್ಕದ ಜೇಬಿನಲ್ಲಿ ನಾನಿಟ್ಟ ಮುಲಾಮು ಹಚ್ಚಿಕೊಳ್ಳುತ್ತಿದ್ದೀರೋ ಇಲ್ಲವೋ? ಹಚ್ಚಿಕೊಳ್ಳುತ್ತಿಲ್ಲ ಎಂದು ನನಗೆ ಗೊತ್ತು, ಸುಮ್ಮನೆ ಕೇಳಿದೆ. ನಾದಿನಿಗೆ ಸ್ವಲ್ಪವಾದರೂ ನಿದ್ದೆ ಸಿಗುತ್ತಿದೆಯಾ? ಅವಳಿಗಳಲ್ಲಿ ಚಿಕ್ಕದು ಮೈ ಹಿಡಿಯಿತಾ? ನೀವು ಕಳಿಸಿದ ಫೋಟೋದಲ್ಲಿ ದೊಡ್ಡದು ನಿಮ್ಮ ಹಾಗೆಯೇ ಹುಬ್ಬು ಗಂಟಿಕ್ಕಿಕೊಂಡು ಮಲಗಿದೆ, ಯಾರೋ ಗಾರೆ ತೆಳ್ಳಗೆ ಕಲಸಿಬಿಟ್ಟಿದ್ದಾರೆ ಅನ್ನುವ ಹಾಗೆ. ಆ ಫೋಟೋವನ್ನು ನಾನು ದಿನಕ್ಕೆ ಹತ್ತು ಸಲ ನೋಡುತ್ತೇನೆ. ಇವರು ಒಂದು ಸಲವೂ ನೋಡದವರ ಹಾಗೆ ಇರುತ್ತಾರೆ, ಆದರೆ ಮೊನ್ನೆ ಬೀದಿಯ ತುದಿಯ ಅಂಗಡಿಯವರಿಗೆ ಅದನ್ನೇ ತೋರಿಸುತ್ತಾ ನಿಂತಿದ್ದನ್ನು ಕಣ್ಣಾರೆ ಕಂಡೆ.

ಫೋನಿದೆಯಲ್ಲ, ಕಾಗದ ಯಾಕೆ ಎಂದು ನೀವು ಕೇಳುತ್ತೀರಿ. ಫೋನಿನಲ್ಲಿ ನಾನು ಮೂರು ಮಾತು ಮುಗಿಸುವುದರೊಳಗೆ ನೀವು "ವಿಷಯಕ್ಕೆ ಬಾ, ರೇಡಿಯೋ" ಅನ್ನುತ್ತೀರಿ, ಹಾಗಂದ ಕೂಡಲೇ ನನಗೆ ವಿಷಯವೇ ಮರೆತುಹೋಗುತ್ತದೆ. ಕಾಗದಕ್ಕೆ ಅಷ್ಟು ಅವಸರವಿಲ್ಲ. ಇನ್ನೊಂದು ಕಾರಣವೂ ಇದೆ. ಇದರಲ್ಲಿ ನಾನು ಮಾಡಿದ ಒಂದು ತಪ್ಪಿನ ಕಥೆ ಇದೆ. ಅದನ್ನು ನೀವು ನನ್ನ ಮುಖ ನೋಡದೆ, ನನ್ನ ದನಿ ಕೇಳದೆ, ಒಬ್ಬರೇ ಕೂತು ಓದಬೇಕು. ನನ್ನ ಕನ್ನಡ ನೋಡಿ ನಗಬೇಡಿ. ನಮ್ಮ ಶಾಲೆಯಲ್ಲಿ ಕನ್ನಡದಲ್ಲಿ ಬಾಯಿ ತೆರೆದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನನ್ನ ಬಾಯಿ ಎಂಥದ್ದು ಅಂತ ನಿಮಗೆ ಗೊತ್ತೇ ಇದೆ, ಅರ್ಧ ಬಾಲ್ಯ ಬೆಂಚಿನ ಮೇಲೆಯೇ ಕಳೆಯಿತು.

ಮನೆಯಲ್ಲಿ ಎಲ್ಲಾ ಕ್ಷೇಮ. ಅಡುಗೆಮನೆಯ ಕಪಾಟಿನ ಬಾಗಿಲು ಭೂಕಂಪದ ದಿನದಿಂದ ಮುಚ್ಚುತ್ತಿರಲಿಲ್ಲವಲ್ಲ, ಅದನ್ನು ಇವರು ಉಜ್ಜಿ ಕೆರೆದು ಸರಿಮಾಡಿದರು. ಈಗ ತೆರೆಯುವುದಿಲ್ಲ. ಊರಿನ ಎಲೆಕ್ಟ್ರಿಷಿಯನ್‌ಗಳಿಗೆಲ್ಲ ಈಗ ಪುರುಸೊತ್ತಿಲ್ಲ. ಇವರೂ ಬೆಳಿಗ್ಗೆಯೇ ಏಣಿ ಹೊತ್ತು ಹೊರಟರೆ ಬೀದಿ ಬೀದಿಗೆ ಕರೆಂಟ್ ಕೊಟ್ಟು ಸಂಜೆಗೆ ಬರುತ್ತಾರೆ, ತಲೆ ತುಂಬಾ ಧೂಳು, ಜೇಬಿನ ತುಂಬಾ ತಂತಿಯ ಚೂರು. ಇವತ್ತಿಗೆ ನಮ್ಮ ಮದುವೆಯಾಗಿ ಸರಿಯಾಗಿ ನೂರು ದಿನ ಎಂದು ಬೆಳಿಗ್ಗೆ ನೆನಪಿಸಿದೆ. "ಹೌದಾ? ಇನ್ನೂ ನೂರೇನಾ?" ಅಂದರು. ಅದು ಹೊಗಳಿಕೆಯೋ ತೆಗಳಿಕೆಯೋ ತಿಳಿಯದೆ ಕತ್ತೆತ್ತಿ ನೋಡಿದರೆ ಕಿವಿ ಎರಡೂ ಕೆಂಪಗಾಗಿದ್ದವು. ನಿಮ್ಮ ಮಗನ ಬಾಯಿ ಏನನ್ನಾದರೂ ಮುಚ್ಚಿಡಬಹುದು ಅತ್ತೆ, ಕಿವಿಯ ಕೈಲಿ ಆಗುವುದಿಲ್ಲ. ಇಂಥದ್ದನ್ನೆಲ್ಲ ಅತ್ತೆಗೆ ಬರೆಯಬಾರದೇನೋ. ಇನ್ಯಾರಿಗೆ ಬರೆಯಲಿ, ಆ ಕಿವಿಗಳನ್ನು ಚಿಕ್ಕಂದಿನಿಂದ ನೋಡಿದವರು ನೀವೊಬ್ಬರೇ.

ಈಗ ದೊಡ್ಡ ಸುದ್ದಿ. ಊರ ದವಸವನ್ನೆಲ್ಲ ಹಿಂದೆ ತೂಗುತ್ತಿದ್ದ ನಮ್ಮ ಹಳೆಯ ತೂಕದ ಮನೆಯನ್ನು ಕೆಡವುತ್ತಿಲ್ಲ. ನಿನ್ನೆ ಕಟ್ಟಡಗಳನ್ನು ಪರೀಕ್ಷಿಸುವ ಸಮಿತಿಯವರು ಬಂದು, ಬಾಗಿಲ ಪಕ್ಕದ ಕೆಂಪು ಗುರುತಿನ ಮೇಲೆ ಹಳದಿ ಬಣ್ಣ ಹೊಡೆದು ಹೋದರು. ಕೆಂಪು ಅಂದರೆ ಉರುಳಿಸುವುದು, ಹಳದಿ ಅಂದರೆ ಕಾದು ನೋಡಿ ರಿಪೇರಿ ಮಾಡುವುದು, ಹಸಿರು ಅಂದರೆ ಒಳಗೆ ಕಾಲಿಡಬಹುದು ಎಂದು ನೀವೇ ನನಗೆ ಹೇಳಿಕೊಟ್ಟಿದ್ದು. ಆ ಹಳದಿ ಬಣ್ಣ ಇನ್ನೂ ಹಸಿಯಾಗಿದ್ದಾಗಲೇ ನಾನು ಹತ್ತಿರ ಹೋಗಿ ಮೂಸಿ ನೋಡಿದೆ. ಎಷ್ಟು ಚೆಂದದ ವಾಸನೆ ಅನ್ನಿಸಿತು, ಬರೀ ಪೇಂಟ್ ವಾಸನೆಯೇ ಆದರೂ.

ಆದರೆ ಹಳದಿ ಸುಲಭವಾಗಿ ಬರಲಿಲ್ಲ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ನೀವು ನಾದಿನಿಯ ಹೆರಿಗೆಗೆಂದು ಅವಳ ಊರಿಗೆ ಹೊರಡುವ ಹಿಂದಿನ ದಿನ ನಾವಿಬ್ಬರೂ ತೂಕದ ಮನೆಗೆ ಹೋಗಿದ್ದೆವಲ್ಲ. ಭೂಕಂಪವಾಗಿ ಆಗ ಹತ್ತು ದಿನ. ಪಕ್ಕದ ಕಾಂಕ್ರೀಟ್ ಕಟ್ಟಡ ಮಂಡಿಯೂರಿ ಕೂತಿತ್ತು, ಇನ್ನೂರು ವರ್ಷದ ನಮ್ಮ ತೂಕದ ಮನೆ ಮಾತ್ರ ಮೈತುಂಬಾ ಬಿರುಕು ಬಿಟ್ಟುಕೊಂಡೂ ನೆಟ್ಟಗೆ ನಿಂತಿತ್ತು. ನಾನು ಆ ಬಿರುಕು ನೋಡಿ ಹೆದರಿದಾಗ ನೀವು ಹೇಳಿದ್ದು ನನಗೆ ಬಾಯಿಪಾಠವಾಗಿದೆ: "ಬಿರುಕು ಬಿಟ್ಟಿದೆ ಅಂದ್ರೆ ಗೋಡೆ ಇನ್ನೂ ಮಾತಾಡ್ತಿದೆ ಅಂತ. ಮಾತು ಬಿಟ್ಟ ಗೋಡೆ ಕಂಡ್ರೆ ಹೆದರ್ಬೇಕು." ಆಮೇಲೆ ನೀವು ಆ ಮೊಣಕಾಲಿನಲ್ಲೇ ಏಣಿ ಹತ್ತಿ, ಬೆರಳಗಲದ ಹದಿನಾಲ್ಕು ಗಾಜಿನ ಪಟ್ಟಿಗಳನ್ನು ಒಂದೊಂದು ಬಿರುಕಿಗೂ ಅಡ್ಡಲಾಗಿ ಇಟ್ಟು, ಎರಡು ತುದಿಗೂ ಪ್ಲಾಸ್ಟರ್ ಮೆತ್ತಿ, ಮೊಳೆಯಿಂದ ನಂಬರು ಮತ್ತು ತಾರೀಖು ಕೊರೆದಿರಿ. ಗೋಡೆ ಕೂದಲೆಳೆಯಷ್ಟು ಜರುಗಿದರೂ ಗಾಜು ಒಡೆಯುತ್ತದೆ. ಮೂವತ್ತು ದಿನ ಒಂದೂ ಒಡೆಯದಿದ್ದರೆ ಗೋಡೆ ನಿಂತಿದೆ ಎಂದರ್ಥ, ಬಿರುಕು ಹೊಲಿದು ಕಟ್ಟಡ ಉಳಿಸಬಹುದು. ಒಡೆದರೆ ಅದು ಇನ್ನೂ ನಡೆಯುತ್ತಿದೆ, ಸಮಿತಿ ಕೆಡವಿಸುತ್ತದೆ. ಅಷ್ಟು ಹೇಳಿ ಪುಸ್ತಕವೊಂದನ್ನು ನನ್ನ ಕೈಗಿಟ್ಟು, "ನಿನ್ನ ಅಕ್ಷರ ದುಂಡಗಿದೆ. ದಿನಾ ಬೆಳಿಗ್ಗೆ ಎಂಟಕ್ಕೆ ಹೋಗಿ ನೋಡಿ ಬರಿ. ನೋಡು, ಮುಟ್ಟಬೇಡ" ಅಂದಿರಿ. ಮದುವೆಯಾಗಿ ಆಗ ಇನ್ನೂ ಎರಡು ತಿಂಗಳು ಚಿಲ್ಲರೆ. ಊರಿನಲ್ಲಿ ಸುಣ್ಣದ ಗಾರೆ ಕೆಲಸ ಬಲ್ಲ ಒಬ್ಬರೇ ಒಬ್ಬ ಮೇಸ್ತ್ರಿ, ಅಂದರೆ ನೀವು, ನಿಮ್ಮ ಕೆಲಸವನ್ನು ನನಗೆ ಒಪ್ಪಿಸಿದ್ದೀರಿ ಎಂದು ನಾನು ಬೀಗಿದ್ದು ಎಷ್ಟೆಂದರೆ, ಆ ಸಂಜೆ ಅಮ್ಮನಿಗೆ ಫೋನ್ ಮಾಡಿ ನನಗೆ ಪ್ರಮೋಷನ್ ಆಯಿತು ಅಂದೆ.

ಮೊದಲ ವಾರ ಭಯದಲ್ಲೇ ಹೋಯಿತು. ಎರಡನೇ ವಾರಕ್ಕೆ ಆ ಗಾಜುಗಳ ಮೇಲೆ ಮೋಹ ಹುಟ್ಟಿತು. ಒಂದೊಂದಕ್ಕೂ ಹೆಸರಿಟ್ಟೆ. ಬಾಗಿಲ ಹತ್ತಿರದ ಒಂದನೆಯದು ಕಾವಲುಗಾರ. ಓದುವ ಕೋಣೆಗೆ ಹೋಗುವ ಮೆಟ್ಟಿಲ ಪಕ್ಕದ ನಾಲ್ಕನೆಯದು, ಐದನೆಯದು ಅಕ್ಕತಂಗಿಯರು. ಒಂಬತ್ತನೆಯದು ಎಲ್ಲಕ್ಕಿಂತ ಎತ್ತರದಲ್ಲಿ, ದೊಡ್ಡ ಕಮಾನಿನ ನೆತ್ತಿಯಲ್ಲಿ, ಹಿಂದೆ ತಕ್ಕಡಿ ತೂಗುತ್ತಿದ್ದ ಆ ಕಬ್ಬಿಣದ ಕೊಕ್ಕೆಯ ಪಕ್ಕದಲ್ಲಿ ಇದ್ದದ್ದು. ಅದಕ್ಕೆ ಮಹಾರಾಣಿ ಎಂದು ಹೆಸರಿಟ್ಟಿದ್ದೆ. ಅದನ್ನು ನೋಡಲು ಇವರ ಮಡಚುವ ಏಣಿಯ ಕೊನೆಯ ಮೆಟ್ಟಿಲಿಗೆ ಹತ್ತಬೇಕು. ಕೆಳಗಿನಿಂದ ಬೀಗದ ತಾತ, "ಮಗಳೇ, ಅದೇನು ಮಗು ತೊಟ್ಟಿಲಾ, ದಿನಾ ಇಣುಕಿ ನೋಡ್ತೀಯಲ್ಲ" ಎಂದು ಕೂಗುತ್ತಿದ್ದರು. ನಲವತ್ತು ವರ್ಷ ಆ ಕಮಾನಿನ ಕೆಳಗೆ ಕೂತು ಬೀಗದ ಕೈಗಳನ್ನು ಅರದಲ್ಲಿ ಉಜ್ಜಿದವರಿಗೆ ಬೀದಿ ಬದಿಯ ಟಾರ್ಪಾಲಿನ ಕೆಳಗೆ ಕೂರುವುದು ಒಗ್ಗಿರಲಿಲ್ಲ. "ಇಲ್ಲಿ ಗಿರಾಕಿ ಬರ್ತಾರೆ, ಕೀಲಿಕೈ ಸರಿಯಾಗಿ ಬರಲ್ಲ. ಟಾರ್ಪಾಲಿನ ಮಬ್ಬಲ್ಲಿ ಕಣ್ಣು ಮಂಜಾಗುತ್ತೆ" ಎಂದು ದಿನವೂ ಗೊಣಗುತ್ತಿದ್ದರು.

ಹದಿನೇಳನೇ ದಿನ ಪಕ್ಕದ ಕಾಂಕ್ರೀಟ್ ಕಟ್ಟಡವನ್ನು ಯಂತ್ರ ತಂದು ಒಡೆಯಲು ಶುರುಮಾಡಿದರು. ಎರಡು ದಿನ ಬೀದಿಯೇ ಕಾಣದಷ್ಟು ಧೂಳು. ತೂಕದ ಮನೆಯ ಒಳಗೂ ಅದು ನುಗ್ಗಿ ಎಲ್ಲಾ ಗಾಜಿನ ಮೇಲೂ ಬೆರಳ ದಪ್ಪ ಕೂತಿತು. ಆ ಎರಡು ದಿನ ನಾನು ಏಣಿ ಹತ್ತಿ, ಬೂದಿ ಬಳಿದ ಹಾಗಿದ್ದ ಪಟ್ಟಿಗಳನ್ನು ನೋಡಿ, ಗಾಜು ಇದೆ ಅಂದರೆ ಇದೆ ತಾನೆ ಎಂದು ಎಲ್ಲದರ ಮುಂದೆಯೂ "ಸರಿ" ಎಂದು ಬರೆದೆ. ಹತ್ತೊಂಬತ್ತನೇ ದಿನ ಮಧ್ಯಾಹ್ನ ಸಮಿತಿಯ ಎಂಜಿನಿಯರ್ ಮೇಡಂ ಮಾರನೆಯ ದಿನ ಒಂದು ಸಲ ನೋಡಿಹೋಗಲು ಬರುತ್ತಾರೆ ಎಂಬ ಸುದ್ದಿ ಬಂತು. ಮನೆಗೆ ದೊಡ್ಡವರು ಬರುತ್ತಾರೆ ಅಂದರೆ ಹೊಸ ಸೊಸೆ ಏನು ಮಾಡುತ್ತಾಳೆ? ನಾನು ಬಕೆಟ್ಟಿನಲ್ಲಿ ನೀರು, ಹಳೆಯ ಬನಿಯನ್ ಬಟ್ಟೆ ತಗೊಂಡು ಹೋಗಿ ಹದಿನಾಲ್ಕೂ ಗಾಜನ್ನು ಕನ್ನಡಿಯ ಹಾಗೆ ಒರೆಸಿದೆ. ಹೌದು ಅತ್ತೆ, ಮುಟ್ಟಬೇಡ ಅಂದದ್ದು ನೆನಪಿತ್ತು. ಒರೆಸುವುದು ಮುಟ್ಟುವುದಲ್ಲ ಎಂದು ಅದು ಹೇಗೋ ನನ್ನ ತಲೆಗೆ ಹೊಳೆದಿತ್ತು. ಹದಿಮೂರು ಹೊಳೆದವು. ಕೊನೆಗೆ ಉಳಿದದ್ದು ಒಂಬತ್ತನೆಯದು. ಅದರ ಮೇಲೆ ಬಟ್ಟೆ ಒತ್ತಿದಾಗ ಟಿಕ್ ಎಂದು ಒಂದು ಸದ್ದು. ಬಟ್ಟೆ ತೆಗೆದರೆ ಗಾಜು ಎರಡಾಗಿ, ಒಂದು ಚೂರು ನನ್ನ ಅಂಗೈಯಲ್ಲಿ.

ಒಂದು ಗಾಜು ಒಡೆದರೆ ತೂಕದ ಮನೆಯೇ ಹೋಯಿತು ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಇಳಿದು ಮನೆಗೆ ಓಡಿ, ಬಿಸ್ಕತ್ ಡಬ್ಬಿಯಲ್ಲಿ ನೀವು ಬಿಟ್ಟುಹೋದ ಹೆಚ್ಚುವರಿ ಪಟ್ಟಿಗಳಲ್ಲಿ ಒಂದನ್ನು ತಂದು, ಹಳೆಯ ಚೂರುಗಳನ್ನು ಕಿತ್ತು, ಪ್ಲಾಸ್ಟರ್ ಕಲಸಿ ಹೊಸದನ್ನು ಅಂಟಿಸಿ, ಮೊಳೆಯಿಂದ ನಿಮ್ಮ ಅಂಕಿಯ ಹಾಗೆಯೇ ಒಂಬತ್ತು ಮತ್ತು ಹಳೆಯ ತಾರೀಖನ್ನೇ ಕೊರೆದೆ. ಮಾರನೆಯ ದಿನ ಮೇಡಂ ಬಂದು ಕೆಳಗಿನಿಂದಲೇ ಟಾರ್ಚ್ ಬಿಟ್ಟು ನೋಡಿ, "ಎಷ್ಟು ನೀಟಾಗಿ ಇಟ್ಟಿದ್ದೀಯಮ್ಮ" ಅಂದರು. ನಾಲ್ಕು ದಿನ ನನ್ನ ದುಂಡನೆಯ ಅಕ್ಷರದಲ್ಲಿ "ಒಂಬತ್ತು: ಸರಿ" ಎಂದು ಬರೆದೆ. ಆ ನಾಲ್ಕೂ ದಿನ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಬೀದಿಯಲ್ಲಿ ಯಾರಾದರೂ "ಏನಮ್ಮ ಹೊಸ ಹುಡುಗಿ" ಅಂದರೂ ಬೆಚ್ಚುತ್ತಿದ್ದೆ.

ಇಪ್ಪತ್ತನಾಲ್ಕನೇ ದಿನ ಬೆಳಿಗ್ಗೆ ಹೋದಾಗ ಬೀಗದ ತಾತ ಟಾರ್ಪಾಲಿನ ಕೆಳಗೆ ಇರಲಿಲ್ಲ. ಹಗ್ಗ ಕಟ್ಟಿ ಮುಚ್ಚಿದ್ದ ಬಾಗಿಲನ್ನು ನುಸುಳಿ, ಕಮಾನಿನ ಕೆಳಗೆ ತಮ್ಮ ಹಳೆಯ ಜಾಗದಲ್ಲೇ ಸ್ಟೂಲು ಹಾಕಿ ಕೂತಿದ್ದರು. ತೊಡೆಯ ಮೇಲೆ ಅರ, ಬಾಯಲ್ಲಿ ಹಾಡು. ನನ್ನನ್ನು ನೋಡಿ ತಪ್ಪು ಮಾಡಿದ ಮಗುವಿನ ಹಾಗೆ ನಕ್ಕು, "ಬೈಬೇಡ ಮಗಳೇ. ಮೇಲಿರೋ ಒಂಬತ್ತನೇದು ಸರಿ ಇದೆ ಅಂತ ನಿನ್ನ ಪುಸ್ತಕದಲ್ಲಿ ದಿನಾ ಇಣುಕಿ ಓದ್ತೀನಿ. ಸರಿ ಇದ್ದ ಮೇಲೆ ನನಗೇನು ಭಯ, ಅದು ನನ್ನ ತಲೆ ಮೇಲೇ ತಾನೇ ಇರೋದು?" ಅಂದರು.

ಅತ್ತೆ, ಆ ಕ್ಷಣದವರೆಗೂ ನನ್ನ ಕಣ್ಣ ಮುಂದೆ ಇದ್ದದ್ದು ಬರೀ ಕಟ್ಟಡ. ಗಾಜು ಒಡೆದದ್ದು ನನ್ನ ಕೈಯಿಂದ ಎಂದು ನಾನು ನಂಬಿದ್ದೆ. ಆದರೆ ಆ ಮುದುಕರ ಬೋಳು ತಲೆಯನ್ನೂ ಅದರ ಮೇಲಿನ ಕಮಾನನ್ನೂ ಒಟ್ಟಿಗೆ ನೋಡಿದಾಗ ಹೊಳೆಯಿತು: ಎರಡು ದಿನ ನಾನು ನೋಡಿದ್ದು ಧೂಳನ್ನು, ಗಾಜನ್ನಲ್ಲ. ಧೂಳಿನ ಕೆಳಗೆ ಅದು ಮೊದಲೇ ಒಡೆದು ಕೂತಿದ್ದರೆ? ಯಂತ್ರದ ಅದುರಾಟಕ್ಕೆ ಕಮಾನು ನಿಜವಾಗಿಯೂ ಜರುಗಿದ್ದರೆ? ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ನಾನು ಸರಿ ಎಂದು ಬರೆದಿದ್ದೆ, ಅದನ್ನು ನಂಬಿ ಒಬ್ಬರು ಅದರ ಕೆಳಗೆ ಬಂದು ಕೂತಿದ್ದರು. "ತಾತ, ಎದ್ದು ಹೊರಗೆ ಬನ್ನಿ" ಅಂದೆ. ಅವರು ಇನ್ನೊಂದು ತಮಾಷೆ ಮಾಡಲು ಹೊರಟವರು ನನ್ನ ಮುಖ ನೋಡಿ ಸ್ಟೂಲು ಎತ್ತಿಕೊಂಡರು. ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ತಲೆ ಸವರಿಕೊಂಡು, "ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಅಂತಾರೆ, ನೀನು ಒರೆಸೇ ಬಿಟ್ಟೆ" ಅಂದರು. ಆಮೇಲೆ, "ನನಗೆ ಹೇಳಿದ್ದು ಸಾಲದು. ಹೇಳಬೇಕಾದವರಿಗೆ ಹೇಳು" ಅಂದರು.

ಇವರಿಗೆ ಮಧ್ಯಾಹ್ನ ಹೇಳಿದೆ. ಯಾರದೋ ಮನೆಯ ಮೀಟರ್ ಪೆಟ್ಟಿಗೆಯ ಮುಂದೆ ಕೂತಿದ್ದರು, ನಾನು ಅಲ್ಲಿಗೇ ಓಡಿದ್ದೆ. ಇಕ್ಕಳ ಕೈಯಲ್ಲೇ ಹಿಡಿದು ಪೂರ್ತಿ ಕೇಳಿದರು. ನಿಮ್ಮ ಮಗ ಮಾತಿನಲ್ಲಿ ಎಷ್ಟು ಜಿಪುಣರು ಅಂತ ನಿಮಗೆ ಗೊತ್ತು. ಅವತ್ತು ಒಂದೇ ಮಾತು ಆಡಿದರು. "ತಂತಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ಗೊತ್ತಿಲ್ಲದಾಗ, ಗೊತ್ತಿಲ್ಲ ಅಂತ ಬೋರ್ಡ್ ಹಾಕೋದೇ ನಮ್ಮ ಕೆಲಸ. ಇಲ್ಲ ಅಂತ ಹಾಕಿದ್ರೆ ಕೈ ಇಟ್ಟವನು ಹೋಗ್ತಾನೆ." ಬೈಗುಳವೂ ಇಲ್ಲ, ಸಮಾಧಾನವೂ ಇಲ್ಲ. ಕೆಲಸ ಮುಗಿಸಿ ನನ್ನ ಜೊತೆಗೇ ಸಮಿತಿಯ ಕಚೇರಿಗೆ ನಡೆದು ಬಂದರು, ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಹಾಡುಹಗಲು, ನಡುಬೀದಿಯಲ್ಲಿ. ಕ್ಷಮಿಸಿ, ಇದನ್ನೂ ಬರೆದುಬಿಟ್ಟೆ.

ಮೇಡಂ ಬೇರೆ ಊರಿನ ಕಟ್ಟಡಗಳನ್ನು ನೋಡಲು ಹೋಗಿದ್ದರು, ಮೂವತ್ತನೇ ದಿನಕ್ಕೇ ಬರುವುದು ಎಂದರು. ಆದ್ದರಿಂದ ಕಚೇರಿಯಲ್ಲಿ ಚೀಟಿ ಕೊಟ್ಟು ಬಂದು, ಇಪ್ಪತ್ತನಾಲ್ಕನೇ ಪುಟದಲ್ಲಿ ನಡೆದದ್ದನ್ನೆಲ್ಲ ಬರೆದೆ. ಹದಿನೆಂಟು, ಹತ್ತೊಂಬತ್ತರ ಸರಿಗಳನ್ನು ಅಳಿಸಲಿಲ್ಲ. ಪಕ್ಕದಲ್ಲಿ "ಧೂಳಿತ್ತು, ಗಾಜು ಕಾಣಲಿಲ್ಲ" ಎಂದು ಬರೆದು ಸಹಿ ಹಾಕಿದೆ. ಆಮೇಲಿನ ನಾಲ್ಕು ಸರಿಗಳ ಪಕ್ಕದಲ್ಲಿ "ಸುಳ್ಳು" ಎಂದು ಬರೆದೆ. ಅಷ್ಟು ಚಿಕ್ಕ ಮಾತನ್ನು ನಾಲ್ಕು ಸಲ ಬರೆಯಲು ಹೊಸ ಪೆನ್ನೇ ಬೇಕೇನೋ ಅನ್ನಿಸಿತು.

ನಿನ್ನೆ ಬೆಳಿಗ್ಗೆ ಎಲ್ಲರೂ ಬಂದರು. ಮೇಡಂ, ಸಮಿತಿಯ ಇನ್ನಿಬ್ಬರು, ಮತ್ತು ಆ ಕಂಟ್ರಾಕ್ಟರ್. ಪಕ್ಕದ್ದನ್ನು ಕೆಡವಿದ ಯಂತ್ರ ಹೇಗೂ ಇಲ್ಲೇ ಇದೆ, ಇದನ್ನೂ ಅದರಲ್ಲೇ ಮುಗಿಸಿ ಹೊಸದು ಕಟ್ಟೋಣ ಎಂದು ತಿಂಗಳಿನಿಂದ ಹೇಳುತ್ತಿರುವವರು ಅವರೇ. ನಾನು ಪುಸ್ತಕ ತೆರೆದು ಒಂದನೇ ದಿನದಿಂದ ಓದಿದೆ. ಇಪ್ಪತ್ತನಾಲ್ಕನೇ ಪುಟವನ್ನೂ ಒಂದಕ್ಷರ ಬಿಡದೆ ಓದಿದೆ. ಕಂಟ್ರಾಕ್ಟರ್ ನಕ್ಕರು. "ನೋಡಿ ಮೇಡಂ, ಇಂಥ ಪುಸ್ತಕ ನಂಬ್ಕೊಂಡು ಜನರನ್ನ ಇದರ ಕೆಳಗೆ ಕೂರಿಸ್ತೀರಾ? ಈಯಮ್ಮನಿಗೆ ಪೊರಕೆ ಕೊಡಿ, ಕಟ್ಟಡ ನಮಗೆ ಬಿಡಿ." ನಾನು ಪುಸ್ತಕವನ್ನು ಮುಚ್ಚದೆ ಹಾಗೇ ಮೇಡಂ ಕೈಗಿಟ್ಟೆ.

ಮೇಡಂ ನಗಲಿಲ್ಲ. ಒಡೆದ ಚೂರು ಎಲ್ಲಿ ಎಂದು ಕೇಳಿದರು. ಅದು ನನ್ನ ಹತ್ತಿರ ಇತ್ತು, ಗಾಜಿನ ಚೂರನ್ನು ಕಸಕ್ಕೆ ಹಾಕಿದರೆ ಕಸ ಎತ್ತುವವರ ಕೈ ಕುಯ್ಯುತ್ತದೆ ಎಂದು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟಿದ್ದೆ. ಅವರು ಭೂತಗನ್ನಡಿ ಹಿಡಿದು ಅಂಚುಗಳನ್ನು ತಿರುಗಿಸಿ ತಿರುಗಿಸಿ ನೋಡಿ, "ಅಂಚಿನಲ್ಲಿ ಧೂಳಿಲ್ಲ. ನಿನ್ನ ಕೈ ಒತ್ತಿಗೆ ಒಡೆದ ಹಾಗೇ ಕಾಣುತ್ತೆ. ಆದ್ರೆ ಕಾಣುತ್ತೆ ಅನ್ನೋದನ್ನ ನಾನು ರಿಪೋರ್ಟ್‌ನಲ್ಲಿ ಬರೆಯಲ್ಲ" ಅಂದರು. ಆಮೇಲೆ ತಾವೇ ಏಣಿ ಹತ್ತಿ, ನಾನು ಅಂಟಿಸಿದ್ದ ಗಾಜಿನ ತುದಿಗೆ ಉಗುರು ಹಾಕಿದರು. ಅದು ಸುಲಿದ ಸಿಪ್ಪೆಯ ಹಾಗೆ ಕೈಗೆ ಬಂತು. ನಾನು ಪ್ಲಾಸ್ಟರ್ ಅಷ್ಟು ನೀರು ನೀರಾಗಿ ಕಲಸಿದ್ದೆ, ಒಂದು ತುದಿ ಗೋಡೆಯನ್ನು ಹಿಡಿದೇ ಇರಲಿಲ್ಲ. "ಇದು ಕಮಾನು ಕುಸಿದ್ರೂ ಒಡೀತಿರಲಿಲ್ಲ, ನೋಡಮ್ಮ" ಎಂದು ಮೆಲ್ಲಗೆ ಹೇಳಿದರು. ಆ ಮೆಲುದನಿಗಿಂತ ಕಂಟ್ರಾಕ್ಟರ್ ಬೈಗುಳವೇ ವಾಸಿ ಅನ್ನಿಸಿತು. ಬೀಗದ ತಾತ ಬಾಗಿಲಲ್ಲಿ ನಿಂತಿದ್ದರು, ನನ್ನ ಕಡೆ ನೋಡದೆ ಬೇರೆಲ್ಲೋ ನೋಡಿದರು. ಅದು ಅವರ ದೊಡ್ಡತನ.

ಮೇಡಂ ನನ್ನನ್ನು ಅಲ್ಲೇ ಕೂರಿಸಿ ಮತ್ತೆ ಪ್ಲಾಸ್ಟರ್ ಕಲಸಲು ಹೇಳಿದರು. ಮೊದಲ ಸಲ ಕಲಸಿದ್ದನ್ನು ಚೆಲ್ಲಿಸಿದರು, ಎರಡನೆಯದನ್ನೂ ಚೆಲ್ಲಿಸಿದರು. ಮೂರನೆಯದು ಬೆರಳಿಗೆ ಅಂಟಿ ನಿಂತಿತು. ಅದರಿಂದ ಒಂಬತ್ತನೇ ಗಾಜನ್ನು ನನ್ನ ಕೈಯಿಂದಲೇ ಅಂಟಿಸಿ ಆ ದಿನದ ತಾರೀಖನ್ನೇ ಕೊರೆಸಿದರು. ಎಲ್ಲ ಮುಗಿದ ಮೇಲೆ ಸಮಿತಿಯವರ ಕಡೆ ತಿರುಗಿ ಹೇಳಿದ್ದನ್ನು ಇದ್ದಂತೆಯೇ ಬರೆಯುತ್ತೇನೆ. "ಈ ಕಡೆ ಹನ್ನೊಂದು ಕಟ್ಟಡದ ಪುಸ್ತಕ ನೋಡಿದೀನಿ. ಎಲ್ಲದರಲ್ಲೂ ಸರಿ, ಸರಿ, ಸರಿ. ಒಂದ್ರಲ್ಲೂ ಒಬ್ಬರೂ ತಪ್ಪು ಮಾಡಿಲ್ಲ. ಅದನ್ನ ಓದಿ ನನಗೆ ನಿದ್ದೆ ಬರಲ್ಲ. ತಪ್ಪು ಬರೆದಿರೋದು ಇದೊಂದೇ. ಹಾಗಾಗಿ ಇದರ ಉಳಿದ ಹದಿಮೂರನ್ನ ನಾನು ನಂಬ್ತೀನಿ." ಹದಿಮೂರೂ ಅಲುಗಿಲ್ಲ. ಗೋಡೆಗಳು ನಿಂತಿವೆ ಅತ್ತೆ, ನೀವು ಹೇಳಿದ ಹಾಗೇ ನಿಂತಿವೆ. ಕಮಾನಿಗೆ ಮಾತ್ರ ಇನ್ನೂ ಮೂವತ್ತು ದಿನ, ಅಲ್ಲಿಯವರೆಗೆ ಅದರ ಕೆಳಗೆ ಮರದ ಆಸರೆ. ಅಷ್ಟರಲ್ಲಿ ಗೋಡೆಯ ಬಿರುಕುಗಳ ಕೆಲಸ ಶುರುವಾಗಬೇಕು, ಅದೂ ಸಿಮೆಂಟಿನಲ್ಲಲ್ಲ, ಸುಣ್ಣದ ಗಾರೆಯಲ್ಲೇ. ಕಂಟ್ರಾಕ್ಟರ್ ಕೊನೆಯ ಬಾಣ ಬಿಟ್ಟರು: "ಸುಣ್ಣದ ಕೆಲಸ ಬಲ್ಲೋರು ಈಗ ಎಲ್ಲಿದ್ದಾರೆ ಮೇಡಂ? ಇದ್ದೊಬ್ಬರೂ ಮೊಮ್ಮಕ್ಕಳ ಬಟ್ಟೆ ಒಗೀತಾ ಕೂತಿದ್ದಾರೆ." ಅದಕ್ಕೂ ಅಲ್ಲೇ ಒಂದು ಉತ್ತರ ಸಿಕ್ಕಿತು, ಕೆಳಗೆ ಬರೆಯುತ್ತೇನೆ. ಆಮೇಲೆ ಹಳದಿ ಬಣ್ಣದ ಡಬ್ಬಿ ತೆರೆದರು.

ಬೀಗದ ತಾತ ಇನ್ನೊಂದು ತಿಂಗಳು ಟಾರ್ಪಾಲಿನ ಕೆಳಗೇ ಕೂರಬೇಕು. ನಾನು ಕ್ಷಮೆ ಕೇಳಲು ಹೋದರೆ, "ನಲವತ್ತು ವರ್ಷ ಇದ್ದ ಜಾಗ ತಿಂಗಳಿಗೆ ಮರೆತುಹೋಗುತ್ತಾ? ಹೋಗು, ಆ ಟಾರ್ಪಾಲಿಗೆ ಇನ್ನೊಂದು ಗಂಟು ಹಾಕಿಸು ನಿನ್ನ ಗಂಡನ ಕೈಲಿ" ಅಂದರು. ಇವರು ಗಂಟು ಹಾಕಿದ್ದಷ್ಟೇ ಅಲ್ಲ, ಕಣ್ಣಿಗೆ ಮಂಜು ಬರದಿರಲಿ ಎಂದು ಒಂದು ದೀಪವನ್ನೂ ಕೊಟ್ಟುಬಂದರು. ಇಷ್ಟೆಲ್ಲ ಓದಿ ನಿಮಗೆ ನನ್ನ ಮೇಲೆ ಸಿಟ್ಟು ಬಂದಿದ್ದರೆ ಬರಲಿ. ನೀವು ನೋಡು ಅಂದದ್ದನ್ನು ನಾನು ಎರಡು ದಿನ ನೋಡಲಿಲ್ಲ, ಮುಟ್ಟಬೇಡ ಅಂದದ್ದನ್ನು ಮುಟ್ಟಿದೆ, ಮೇಲೆ ಮುಚ್ಚಿಟ್ಟೆ. ನೀವು ಬಂದ ಮೇಲೆ ಎಷ್ಟು ಬೇಕಾದರೂ ಬೈಯಿರಿ, ನಾನು ಅಡ್ಡ ಮಾತಾಡುವುದಿಲ್ಲ. ಸ್ವಲ್ಪ ಮಾತಾಡಬಹುದು.

ನಾದಿನಿಗೆ ನನ್ನ ಪ್ರೀತಿ. ದೊಡ್ಡದರ ಹುಬ್ಬಿಗೊಂದು, ಚಿಕ್ಕದರ ಪಾದಕ್ಕೆ ಎರಡು ಮುತ್ತು ನನ್ನ ಲೆಕ್ಕದಲ್ಲಿ ಕೊಡಿ. ಇವರು ನಮಸ್ಕಾರ ಹೇಳಿದ್ದಾರೆ, ಅಂದರೆ ನಾನು "ಏನಾದರೂ ಬರೆಯಲಾ" ಎಂದು ಕೇಳಿದಾಗ ತಲೆ ಆಡಿಸಿದ್ದಾರೆ. ನಮ್ಮಿಬ್ಬರ ಮೇಲೂ ನಿಮ್ಮ ಆಶೀರ್ವಾದವಿರಲಿ, ಮುಲಾಮು ಮರೆಯಬೇಡಿ.

ನಿಮ್ಮ ಪ್ರೀತಿಯ,
ಸೊಸೆ (ರೇಡಿಯೋ)

ಮರೆತ ಮಾತು: ಮರೆತಿಲ್ಲ, ಧೈರ್ಯ ಬರಲಿ ಎಂದು ಕಾದಿದ್ದೆ. ಕಾಗದ ಒಯ್ಯುವ ಬಸ್ ಡ್ರೈವರ್ ಬೀದಿಯಲ್ಲಿ ಹಾರ್ನ್ ಹೊಡೆಯುತ್ತಿದ್ದಾರೆ, ಅದಕ್ಕೇ ಬೇಗ ಬರೆಯುತ್ತೇನೆ. ಸುಣ್ಣದ ಕೆಲಸಕ್ಕೆ ಹೊಣೆ ಯಾರು ಎಂದು ಮೇಡಂ ಫಾರಂ ಚಾಚಿದಾಗ ನಾನೇ ಇಸಿದುಕೊಂಡೆ. ನಿಮ್ಮ ಹೆಸರು ಬರೆಯಲು ಪೆನ್ನು ಊರಿದೆ. ನಿಮ್ಮನ್ನು ಕೇಳದೆ ಬರೆದರೆ ಅದೂ ಇನ್ನೊಂದು ಸುಳ್ಳು "ಸರಿ" ಆಗುತ್ತದೆ ಅನ್ನಿಸಿ, ನನ್ನ ಹೆಸರು ಬರೆದು, ಮುಂದೆ "ಕಲಿಯುತ್ತಿರುವವಳು" ಎಂದು ಸೇರಿಸಿದೆ. ಮೇಡಂ ಅದನ್ನು ಓದಿ, ಕಲಿಸುವವರು ಒಪ್ಪಿದ್ದಾರಾ ಎಂದು ಕೇಳಿದರು. ಗೊತ್ತಿಲ್ಲ ಅಂದೆ. ಗುರುವಾರದೊಳಗೆ ತಿಳಿಸು ಅಂದರು. ನೀವು ಮಕ್ಕಳನ್ನು ಬಿಟ್ಟು ಈಗಲೇ ಬರುವುದು ಬೇಡ, ನೀವು ಬರುವವರೆಗೆ ಗೋಡೆಯ ಹತ್ತಿರವೂ ಹೋಗುವುದಿಲ್ಲ, ಸುಣ್ಣದ ಕಲ್ಲಿಗೆ ನೀರು ಕೂಡಿಸಿ ಅರಳಿಸುವುದನ್ನಷ್ಟೇ ಮಾಡುತ್ತೇನೆ. ಇದು ನಾಲ್ಕು ದಿನದ ಹುಮ್ಮಸ್ಸಲ್ಲ ಅತ್ತೆ, ನನಗೆ ಈ ಕೆಲಸ ಬೇಕು. ಕಲಿಸುವುದು ಆಗದು ಎಂದಾದರೆ ಇವರಿಗೆ ಫೋನ್ ಮಾಡಿ ಹೇಳಿ, ಹೋಗಿ ನನ್ನ ಹೆಸರು ಹೊಡೆದುಹಾಕಿ ಬರುತ್ತೇನೆ, ಅಳುವುದಿಲ್ಲ. ಕಲಿಸುತ್ತೀರಿ ಎಂದಾದರೆ ಹೌದು ಗೀದು ಎಂದು ಏನೂ ಬರೆಯಬೇಡಿ, ನೇರ ವಿಷಯಕ್ಕೆ ಬನ್ನಿ: ಸುಣ್ಣದ ಕಲ್ಲನ್ನು ನೀರಿಗೆ ಹಾಕಬೇಕೋ, ನೀರನ್ನು ಕಲ್ಲಿನ ಮೇಲೆ ಸುರಿಯಬೇಕೋ, ಒಂದು ಬುಟ್ಟಿ ಕಲ್ಲಿಗೆ ಎಷ್ಟು ಕೊಡ ನೀರು?